ಬರ್ಮಾದ ತೊಗರಿ, ಗಂಜಿನ ಭಾವ

ಜನವರಿಯಲ್ಲಿ ಕಲಬುರಗಿಯ ನೆಹರು ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೋದರೆ ಕಾಲಿಡಲು ಜಾಗ ಸಿಗುವುದಿಲ್ಲ. ಎಲ್ಲಿ ನೋಡಿದರೂ ತೊಗರಿ ರಾಶಿ, ಸಾಲು ಸಾಲು ಚೀಲ, ಹಮಾಲರ ಕೂಗು. ಮಾಲು ತಂದ ರೈತರು ಅಡತಿ ಅಂಗಡಿಯ ಕಟ್ಟೆ ಮೇಲೆ ಕೂತು ಸೌದಾ ಆಗುವುದನ್ನೇ ಕಾಯುತ್ತಿರುತ್ತಾರೆ. 2025ರ ಜನವರಿಯಲ್ಲಿ ಆಳಂದ ಕಡೆಯ ನನ್ನ ಸೋದರಮಾವನ ಜೊತೆ ನಾನೂ ಹಾಗೇ ಕೂತಿದ್ದೆ. ಅವರು 15 ಚೀಲ ತಂದಿದ್ದರು. ಭಾವ ಕ್ವಿಂಟಲ್‌ಗೆ 7,500ರ ಹತ್ತಿರವೇ ಸುತ್ತುತ್ತಿತ್ತು.

"ಹೋದ ವರ್ಷ ಹತ್ತು ಸಾವಿರದ ತನಕ ಹೋಗಿತ್ತಲ್ರೀ ಸಾವ್ಕಾರ್ರ, ಈ ಸಲ ಹಿಂಗ್ಯಾಕ್ರೀ?" ಅಂತ ಮಾವ ಕೇಳಿದರು.

"ನಾ ಏನ್ ಮಾಡ್ಲಿ ಕಾಕಾ, ಹೊರಗಿನ ಮಾಲ್ ಬಂದು ಬಿದ್ದದ. ಆಫ್ರಿಕಾದ್ದು ಬಂದದ, ಇನ್ನ ಬರ್ಮಾದ್ದು ಬರ್ಲಿಕತ್ತದ."

ಬರ್ಮಾ ಅಂದರೆ ಮಾವನಿಗೆ ಗೊತ್ತಿದ್ದದ್ದು ಸಾಗವಾನಿ ಒಂದೇ. ಊರಿನ ಹಳೇ ವಾಡೆಯ ಬಾಗಿಲು ಬರ್ಮಾ ಸಾಗವಾನಿಯದ್ದು ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಆ ದೇಶದ ಹೆಸರು 1989ರಲ್ಲೇ ಮ್ಯಾನ್ಮಾರ್ ಆಯಿತು. ಗಂಜಿನಲ್ಲಿ ಮಾತ್ರ ಅದು ಇನ್ನೂ ಬರ್ಮಾ. ಅಲ್ಲಿ ಈಗ ಯಾರ ಆಡಳಿತ ಇದೆ, ಅವರಿಗೂ ದಿಲ್ಲಿಗೂ ಏನು ಮಾತುಕತೆ ನಡೆದಿದೆ ಅನ್ನುವುದು ವಿದೇಶಾಂಗ ಪಂಡಿತರ ವಿಷಯ ಅಂತ ನಾವು ಸುಮ್ನೆ ಬಿಟ್ಟುಬಿಡುತ್ತೇವೆ. ಆದರೆ ಆ ಮಾತುಕತೆಯ ಒಂದು ತುದಿ ನಮ್ಮ ಗಂಜಿನ ತಕ್ಕಡಿಗೆ ಕಟ್ಟಿದೆ.

2020ರ ನವೆಂಬರ್‌ನಲ್ಲಿ ಮ್ಯಾನ್ಮಾರ್‌ನಲ್ಲಿ ಚುನಾವಣೆ ಆಯಿತು. ಪ್ರಜಾಪ್ರಭುತ್ವ ಪರ ನಾಯಕಿ ಆಂಗ್ ಸಾನ್ ಸೂಕಿ ಅವರ ಪಕ್ಷ 476 ಸ್ಥಾನಗಳಲ್ಲಿ 396 ಗೆದ್ದಿತು. ಹೊಸ ಸಂಸತ್ತು ಸೇರಬೇಕಿದ್ದ ದಿನವೇ, ಅಂದರೆ 2021ರ ಫೆಬ್ರುವರಿ 1ರಂದು, ಸೇನೆ ಅಧಿಕಾರ ಕಿತ್ತುಕೊಂಡಿತು. ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ದೇಶದ ಯಜಮಾನರಾದರು. ಸೂಕಿ ಜೈಲಿಗೆ ಹೋದರು. ಬೀದಿಗಿಳಿದ ಜನರ ಮೇಲೆ ಗುಂಡು ಹಾರಿತು. ಮಾರ್ಚ್ 27 ಅಲ್ಲಿನ ಸೇನಾ ದಿನ. ಅಂದು ಒಂದೇ ದಿನ ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಅದೇ ಬೆಳಿಗ್ಗೆ ರಾಜಧಾನಿ ನೇಪಿಡಾದಲ್ಲಿ ಸೇನಾ ಪರೇಡ್ ನಡೆಯಿತು. ಅದಕ್ಕೆ ಪ್ರತಿನಿಧಿ ಕಳಿಸಿದ್ದು ಎಂಟು ದೇಶಗಳು. ರಷ್ಯಾ, ಚೀನಾ, ಪಾಕಿಸ್ತಾನದ ಜೊತೆ ಭಾರತವೂ ಇತ್ತು.

ಮೂರು ತಿಂಗಳು ಕಳೆಯಿತು. ಜೂನ್ 18ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಈ ಸೇನಾ ದಂಗೆಯನ್ನು ಖಂಡಿಸಿತು. 119 ದೇಶಗಳು ಪರವಾಗಿ ಮತ ಹಾಕಿದವು, 36 ದೇಶಗಳು ತಟಸ್ಥವಾಗಿದ್ದವು. ಆ 36ರಲ್ಲಿ ನಾವೂ ಒಬ್ಬರು. ನಮ್ಮ ಅಭಿಪ್ರಾಯಗಳು ನಿರ್ಣಯದ ಕರಡಿನಲ್ಲಿ ಬಂದಿಲ್ಲ ಅನ್ನುವುದು ದಿಲ್ಲಿ ಕೊಟ್ಟ ಕಾರಣ. ಅದೇ ಜೂನ್ ತಿಂಗಳಲ್ಲಿ ಇನ್ನೊಂದು ಕಾಗದವೂ ಹೊರಬಿತ್ತು. ಟಿವಿಯಲ್ಲಿ ಅದರ ಬಗ್ಗೆ ಯಾರೂ ಗದ್ದಲ ಮಾಡಲಿಲ್ಲ. ಐದು ವರ್ಷಗಳ ಕಾಲ ಮ್ಯಾನ್ಮಾರ್‌ನಿಂದ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ತರಿಸಿಕೊಳ್ಳುವ ಒಪ್ಪಂದ ಅದು. 2021-22ರಿಂದ 2025-26ರವರೆಗಿನ ಲೆಕ್ಕ. ಮಾಲು ತರುವವರು ಖಾಸಗಿ ವ್ಯಾಪಾರಿಗಳೇ, ಆದರೆ ಮಾತು ಕೊಟ್ಟದ್ದು ಸರ್ಕಾರ.

ತೊಗರಿಯ ಕಣಜ ಅನ್ನಿಸಿಕೊಂಡ ಊರು ನಮ್ಮದು. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿದೆ. ಹೀಗಿರುವಾಗ ಹೊರಗಿನ ತೊಗರಿ ಯಾಕೆ ಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅನ್ನಿಸಬೇಕು ಕೂಡ. ಆದರೆ ಬೇಕು ಅನ್ನುವುದು ನಿಜ. ದೇಶಕ್ಕೆ ವರ್ಷಕ್ಕೆ ಸುಮಾರು 45 ಲಕ್ಷ ಟನ್ ತೊಗರಿ ಬೇಕು. ಬೆಳೆಯುತ್ತಿರುವುದು ಈಚಿನ ವರ್ಷಗಳಲ್ಲಿ 33ರಿಂದ 36 ಲಕ್ಷ ಟನ್. ನಮ್ಮಲ್ಲೇ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗಿದ್ದನ್ನು ಜಿಲ್ಲೆಯ ಜನ ನೋಡಿದ್ದಾರೆ. ಮಳೆ ಹೆಚ್ಚಾದರೂ ತೊಗರಿ ಹೋಗುತ್ತದೆ, ಕಡಿಮೆಯಾದರೂ ಹೋಗುತ್ತದೆ.

ಕೊರತೆಗಿಂತ ಜಾಸ್ತಿ ದಿಲ್ಲಿಯನ್ನು ಕಾಡುವುದು ನೆನಪು. 2015ರಲ್ಲಿ ತೊಗರಿ ಬೇಳೆ ಕಿಲೋಗೆ ₹200 ಮುಟ್ಟಿತು. ಪೇಟೆಯ ಹೆಂಗಸರು ಸರ್ಕಾರಕ್ಕೆ ಶಾಪ ಹಾಕಿದರು. ಮರುವರ್ಷ ಮೊಜಾಂಬಿಕ್ ಜೊತೆ ಆಮದು ಒಪ್ಪಂದ ಆಯಿತು. ಆ ದರ ನೋಡಿ ರೈತರೂ ಮುಗಿಬಿದ್ದು ತೊಗರಿ ಹಾಕಿದರು. 2016-17ರಲ್ಲಿ ಬೆಳೆ ಉಕ್ಕಿ ಹರಿಯಿತು, ಗಂಜಿನಲ್ಲಿ ಭಾವ 5,050ರ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. ಆಗ ಸರ್ಕಾರ ಉಲ್ಟಾ ಹೊಡೆಯಿತು. 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. 2021ರ ಮೇನಲ್ಲಿ ಆ ಮಿತಿ ತೆಗೆದು ಬಾಗಿಲು ಪೂರ್ತಿ ತೆರೆಯಿತು. ಕೆಲವೇ ತಿಂಗಳಿಗೆ ಅಂತ ತೆರೆದ ಬಾಗಿಲು ಅವಧಿ ಮೇಲೆ ಅವಧಿ ವಿಸ್ತರಣೆಯಾಗಿ ತೆರೆದೇ ಉಳಿಯಿತು. ಅಂದಮೇಲೆ ಬರ್ಮಾ ಒಪ್ಪಂದದ 1 ಲಕ್ಷ ಟನ್ ಅನ್ನುವುದು ಮೇಲ್ಮಿತಿ ಆಗಿರಲಿಲ್ಲ. ಅದಕ್ಕಿಂತ ಹೆಚ್ಚು ಬಂದರೂ ಕೇಳುವವರಿರಲಿಲ್ಲ.

ಬಾಗಿಲು ಮುಚ್ಚಿದ 2017ರ ಆ ಆಗಸ್ಟ್ ತಿಂಗಳನ್ನು ನಾನು ಆಚೆ ಕಡೆಯಿಂದಲೂ ನೋಡಲು ಪ್ರಯತ್ನ ಮಾಡಿದ್ದೇನೆ. ಮ್ಯಾನ್ಮಾರ್‌ನ ಜನ ತೊಗರಿ ಬಹಳ ಕಡಿಮೆ ತಿನ್ನುತ್ತಾರೆ. ಮಗ್ವೆ, ಸಗಾಯಿಂಗ್, ಮಾಂಡಲೆ ಅನ್ನುವ ಒಣ ಬಯಲು ಪ್ರದೇಶಗಳಲ್ಲಿ ಅದನ್ನು ಬೆಳೆಯುವುದೇ ಭಾರತಕ್ಕೆ ಮಾರಲು. ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಫಜಲಪುರ, ಜೇವರ್ಗಿ ಕಡೆಯವರನ್ನು ಅಲ್ಲಿ ತಂದು ನಿಲ್ಲಿಸಿದರೆ ಹವೆ ಹೊಸದು ಅನ್ನಿಸಲಿಕ್ಕಿಲ್ಲ. ಆ ಮಾಲಿಗೆ ಮುಂಬೈ ವ್ಯಾಪಾರಿಗಳು ಲೆಮನ್ ತೊಗರಿ ಅನ್ನುತ್ತಾರೆ. ದಿಲ್ಲಿ ಮಿತಿ ಹಾಕಿದಾಗ ಅಲ್ಲಿನ ದರ ನೆಲ ಕಚ್ಚಿತು. ಆ ರೈತರಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಇಲ್ಲಿ ಬಾಗಿಲು ತೆರೆದರೆ ಕಲಬುರಗಿ ನರಳುತ್ತದೆ, ಮುಚ್ಚಿದರೆ ಮಗ್ವೆ ನರಳುತ್ತದೆ. ಕೀಲಿ ಕೈ ಇಬ್ಬರ ಹತ್ತಿರವೂ ಇಲ್ಲ.

ನಾವು ಕೊಟ್ಟ ದುಡ್ಡು ಪೂರ್ತಿ ಆ ರೈತನಿಗಾದರೂ ಮುಟ್ಟುತ್ತದಾ ಅಂತ ನೋಡಿದರೆ ಅದೂ ಇಲ್ಲ. ಸೇನಾ ಸರ್ಕಾರಕ್ಕೆ ಡಾಲರ್ ಬರ ಇತ್ತು. 2022ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಒಂದು ನಿಯಮ ತಂದಿತು. ರಫ್ತು ಮಾಡಿ ಗಳಿಸಿದ ಡಾಲರನ್ನು ಸರ್ಕಾರ ಹೇಳಿದ ದರಕ್ಕೆ ಸ್ಥಳೀಯ ಕ್ಯಾತ್‌ಗೆ ಬದಲಾಯಿಸಲೇಬೇಕು. ಆ ಆಗಸ್ಟ್‌ನಲ್ಲಿ ಸರ್ಕಾರಿ ದರ ಡಾಲರ್‌ಗೆ 2,100 ಕ್ಯಾತ್. ಗಳಿಕೆಯಲ್ಲಿ ನೂರಕ್ಕೆ 65 ಪಾಲು ಹೀಗೆ ಬದಲಾಗಬೇಕು. ಹೊರಗಿನ ಮಾರುಕಟ್ಟೆಯಲ್ಲಿ ಡಾಲರ್ ದರ ಮುಂದೆ 3,000 ದಾಟಿತು. ಸರಳ ಲೆಕ್ಕ ಹಾಕಿ ನೋಡೋಣ. ಒಬ್ಬ ವ್ಯಾಪಾರಿ 1,000 ಡಾಲರ್‌ನ ತೊಗರಿ ಕಳಿಸಿದ ಅಂತಿಟ್ಟುಕೊಳ್ಳಿ. 650 ಡಾಲರ್ ಸರ್ಕಾರಿ ದರಕ್ಕೆ ಹೋಯಿತು. ಹೊರಗೆ 3,000 ಸಿಗುವಲ್ಲಿ 2,100 ಸಿಕ್ಕಿತು. ಹೆಚ್ಚೂ ಕಡಿಮೆ 6 ಲಕ್ಷ ಕ್ಯಾತ್ ಅಲ್ಲೇ ಸೋರಿತು. ವ್ಯಾಪಾರಿ ಆ ನಷ್ಟವನ್ನು ತಾನು ಹೊರುತ್ತಾನಾ? ರೈತನಿಗೆ ಕೊಡುವ ದರದಲ್ಲಿ ಇಳಿಸುತ್ತಾನೆ. ನಮ್ಮ ಗಂಜಿನಲ್ಲೂ ಹಾಗೇ ಅಲ್ವಾ, ಮೇಲಿನ ಹೊರೆ ಉರುಳಿ ಉರುಳಿ ಕೊನೆಗೆ ಬೀಳುವುದು ಚೀಲ ತಂದವನ ತಲೆ ಮೇಲೆ. ಈ ನಿಯಮವನ್ನು ಮುಂದೆ ಹಂತಹಂತವಾಗಿ ಸಡಿಲಿಸಿದರು. ಅಷ್ಟರಲ್ಲಿ ವಸೂಲಿ ಆಗಬೇಕಾದ್ದು ಆಗಿತ್ತು.

2023ರ ಜೂನ್‌ನಲ್ಲಿ ಅಮೆರಿಕ ಮ್ಯಾನ್ಮಾರ್‌ನ ಎರಡು ಸರ್ಕಾರಿ ಬ್ಯಾಂಕುಗಳ ಮೇಲೆ ನಿರ್ಬಂಧ ಹಾಕಿತು. ವಿದೇಶಿ ವ್ಯಾಪಾರದ ಹಣ ಓಡಾಡುತ್ತಿದ್ದುದೇ ಅವುಗಳ ಮೂಲಕ. 2024ರ ಜನವರಿಯಲ್ಲಿ ಭಾರತ ಮತ್ತು ಮ್ಯಾನ್ಮಾರ್ ನಡುವೆ ರೂಪಾಯಿ-ಕ್ಯಾತ್ ನೇರ ಪಾವತಿ ಶುರುವಾಯಿತು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಿಶೇಷ ಖಾತೆಯ ಮೂಲಕ ಬೇಳೆಕಾಳಿನ ವ್ಯಾಪಾರಿಗಳು ಡಾಲರ್ ಮುಟ್ಟದೆ ಲೆಕ್ಕ ತೀರಿಸಬಹುದು. ವ್ಯಾಪಾರಿಗೆ ಇದು ಅನುಕೂಲ. ಸೇನಾ ಸರ್ಕಾರಕ್ಕೂ ಅನುಕೂಲ. ಅಮೆರಿಕದ ನಿರ್ಬಂಧ, ಈ ಹೊಸ ಪಾವತಿ, ಈ ಎರಡು ಸಂಗತಿ ನನಗಂತೂ ಬಿಡಿಬಿಡಿಯಾಗಿ ಕಾಣುವುದಿಲ್ಲ.

ತೊಗರಿ ಬೆಳೆಯುವ ಸಗಾಯಿಂಗ್, ಮಗ್ವೆ ಪ್ರದೇಶಗಳೇ ಸೇನೆಯ ವಿರುದ್ಧದ ಹೋರಾಟದ ನೆಲ. 2023ರ ಏಪ್ರಿಲ್ 11ರಂದು ಸಗಾಯಿಂಗ್‌ನ ಪಜಿಜಿ ಅನ್ನುವ ಹಳ್ಳಿಯ ಮೇಲೆ ಸೇನೆಯ ವಿಮಾನ ಬಾಂಬ್ ಹಾಕಿತು. ಅಲ್ಲಿ ಸೇರಿದ್ದ 150ಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಇದ್ದರು. ಮರುತಿಂಗಳು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ ಒಂದು ಲೆಕ್ಕ ಇಟ್ಟರು. ದಂಗೆಯ ನಂತರ ಮ್ಯಾನ್ಮಾರ್ ಸೇನೆಗೆ ಆಯುಧ ಮತ್ತು ಅದಕ್ಕೆ ಬೇಕಾದ ಸಾಮಾನು ಯಾವ ದೇಶದಿಂದ ಎಷ್ಟು ಹೋಯಿತು ಅನ್ನುವ ಲೆಕ್ಕ ಅದು. ರಷ್ಯಾದಿಂದ 40 ಕೋಟಿ ಡಾಲರ್‌ಗೂ ಹೆಚ್ಚು, ಚೀನಾದಿಂದ ಸುಮಾರು 27 ಕೋಟಿ. ಭಾರತದಿಂದ 5.1 ಕೋಟಿ ಡಾಲರ್, ಅದರಲ್ಲಿ ಸರ್ಕಾರಿ ಕಂಪನಿಗಳೂ ಇದ್ದವು. ಬೇಳೆ ಕೊಳ್ಳುವುದಕ್ಕೆ ನೂರು ಸಮರ್ಥನೆ ಕೊಡಬಹುದು. ಇದಕ್ಕೆ ನನಗೆ ಒಂದೂ ಸಿಗಲಿಲ್ಲ.

ದಿಲ್ಲಿಯ ವಾದವನ್ನೂ ಕೇಳಬೇಕು, ಅದು ಪೊಳ್ಳು ವಾದ ಅಲ್ಲ. ಮ್ಯಾನ್ಮಾರ್ ಜೊತೆ ನಮಗೆ 1,643 ಕಿಲೋಮೀಟರ್ ಗಡಿ ಇದೆ. ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಆ ಗಡಿಗೆ ತಾಗಿವೆ. ಈಶಾನ್ಯದ ಬಂಡುಕೋರರು ಆಚೆ ಕಾಡಿನಲ್ಲಿ ಅಡಗುತ್ತಾರೆ. ನೇಪಿಡಾದಲ್ಲಿ ಯಾರೇ ಇರಲಿ, ಅವರ ಜೊತೆ ಮಾತು ಬಿಟ್ಟರೆ ಕಷ್ಟ. 1988ರ ವಿದ್ಯಾರ್ಥಿ ಚಳವಳಿಯ ಹೊತ್ತಿಗೆ ಭಾರತ ಪ್ರಜಾಪ್ರಭುತ್ವದ ಪರ ಗಟ್ಟಿಯಾಗಿ ನಿಂತಿತ್ತು. ಸೂಕಿ ದಿಲ್ಲಿಯಲ್ಲಿ ಓದಿದವರು, ಅವರ ತಾಯಿ ಭಾರತದಲ್ಲಿ ರಾಯಭಾರಿಯಾಗಿದ್ದರು. ಆದರೆ ನಾವು ದೂರ ನಿಂತ ಜಾಗಕ್ಕೆ ಚೀನಾ ಬಂದು ಕೂತಿತು. 1993ರ ಹೊತ್ತಿಗೆ ದಿಲ್ಲಿ ದಾರಿ ಬದಲಿಸಿತು. ಜನರಲ್‌ಗಳ ಜೊತೆ ಕೈ ಕುಲುಕುವುದು ಶುರುವಾದದ್ದು ಆಗ. ಪಕ್ಷ ಯಾವುದೇ ಇರಲಿ, ಮುಂದಿನ ಸರ್ಕಾರಗಳು ಅದೇ ದಾರಿಯಲ್ಲಿ ನಡೆದವು. ಈಗಿನ ಸರ್ಕಾರವನ್ನೊಂದೇ ಬೈದರೆ ಇತಿಹಾಸಕ್ಕೆ ಮೋಸ.

ಆದರೆ 1993ರ ಲೆಕ್ಕ ಇವತ್ತಿಗೆ ಹೊಂದುತ್ತದಾ? ಆಗ ಜನರಲ್‌ಗಳ ಕೈಯಲ್ಲಿ ದೇಶ ಇತ್ತು. ಈಗ ಪೂರ್ತಿ ಇಲ್ಲ. 2023ರ ಅಕ್ಟೋಬರ್ 27ರಂದು ಅಲ್ಲಿನ ಬಂಡಾಯ ಪಡೆಗಳು ಶುರುಮಾಡಿದ ದಾಳಿಯ ನಂತರ ಗಡಿಯ ಊರುಗಳು ಒಂದೊಂದಾಗಿ ಸೇನೆಯ ಕೈ ಬಿಟ್ಟವು. ಗಡಿಯ ಚಿನ್ ಜನಾಂಗದ ಹೋರಾಟಗಾರರ ಏಟಿಗೆ ಮ್ಯಾನ್ಮಾರ್ ಸೈನಿಕರೇ ಮಿಜೋರಾಂಗೆ ಓಡಿ ಬಂದರು. ನಾವು ಅವರನ್ನು ವಿಮಾನದಲ್ಲಿ ವಾಪಸ್ ಕಳಿಸಿದೆವು. ಇನ್ನು ಕಲದಾನ್ ಯೋಜನೆ ನೋಡಿ. ಕೋಲ್ಕತ್ತಾದಿಂದ ಮ್ಯಾನ್ಮಾರ್‌ನ ಸಿತ್ವೆ ಬಂದರಿಗೆ ಹಡಗು, ಅಲ್ಲಿಂದ ನದಿಯಲ್ಲಿ ಪಲೇಟ್ವಾ, ಅಲ್ಲಿಂದ ರಸ್ತೆಯಲ್ಲಿ ಮಿಜೋರಾಂ. ಒಪ್ಪಂದ 2008ರದ್ದು. ಸಿತ್ವೆಗೆ ಮೊದಲ ಸರಕು ಹಡಗು ಹೋದದ್ದು 2023ರ ಮೇನಲ್ಲಿ. ಎಂಟು ತಿಂಗಳಲ್ಲಿ ಪಲೇಟ್ವಾ ಅರಾಕನ್ ಆರ್ಮಿ ಅನ್ನುವ ಬಂಡುಕೋರ ಪಡೆಯ ಕೈಸೇರಿತು. ಈಗ ಆ ದಾರಿಯ ಮಾತನ್ನು ನೇಪಿಡಾದಲ್ಲಿ ಆಡಿದರೆ ಏನೂ ಪ್ರಯೋಜನ ಇಲ್ಲ. ಹೊಲ ಒಬ್ಬನದು, ಪಾಲಿಗೆ ಮಾತಾಡುವುದು ಇನ್ನೊಬ್ಬನ ಜೊತೆ ಅಂದಂಗೆ.

ದಿಲ್ಲಿಗೆ ಇದು ಗೊತ್ತಿಲ್ಲ ಅಂತಲ್ಲ. ಸೇನೆಯ ವಿರೋಧಿಗಳನ್ನೂ ದಿಲ್ಲಿಗೆ ಕರೆದು ಮಾತಾಡಿಸಿದ ವರದಿಗಳು 2024ರಲ್ಲಿ ಬಂದವು. ಆದರೆ ಅದು ಹಿಂಬಾಗಿಲ ಮಾತು. ಮುಂಬಾಗಿಲಲ್ಲಿ ಕೈ ಕುಲುಕಿದ್ದು ಜನರಲ್ ಜೊತೆಗೆ. 2022ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿ ಹಿಂಸೆ ನಿಲ್ಲಿಸಿ ಅಂತ ನಿರ್ಣಯ ಮಾಡಿತು. 12 ದೇಶಗಳು ಪರವಾಗಿದ್ದವು. ಚೀನಾ, ರಷ್ಯಾ ಜೊತೆ ನಾವು ತಟಸ್ಥ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದವರೂ ನಾವೇ. 2025ರ ಮಾರ್ಚ್ 28ರಂದು ಅಲ್ಲಿ 7.7 ತೀವ್ರತೆಯ ಭೂಕಂಪ ಆಯಿತು. ಭಾರತ ಕೂಡಲೇ ಆಪರೇಷನ್ ಬ್ರಹ್ಮ ಹೆಸರಿನಲ್ಲಿ ಔಷಧ, ವೈದ್ಯರು, ರಕ್ಷಣಾ ತಂಡ ಕಳಿಸಿತು. ಮಾಡಬೇಕಾದ ಕೆಲಸ, ಚೆನ್ನಾಗೇ ಮಾಡಿತು. ಒಂದು ವಾರದಲ್ಲಿ ಬ್ಯಾಂಕಾಕಿನ ಶೃಂಗಸಭೆಯಲ್ಲಿ ಪ್ರಧಾನಿ ಮೋದಿ ಮಿನ್ ಆಂಗ್ ಹ್ಲೈಂಗ್ ಅವರನ್ನು ಭೇಟಿಯಾದರು. ಆಗಸ್ಟ್ ಕೊನೆಗೆ ಚೀನಾದ ತಿಯಾಂಜಿನ್‌ನಲ್ಲಿ ಮತ್ತೆ ಭೇಟಿ. ವರ್ಷದ ಕೊನೆಗೆ ಜನರಲ್‌ಗಳು ಹಂತಹಂತದ ಚುನಾವಣೆ ಶುರುಮಾಡಿದರು. ಸೂಕಿ ಪಕ್ಷವನ್ನು 2023ರಲ್ಲೇ ರದ್ದು ಮಾಡಿ ಆಗಿತ್ತು. ಎದುರಾಳಿಯನ್ನು ಕಣದಿಂದ ಹೊರಗೆ ಹಾಕಿ ಆಡಿದ ಕುಸ್ತಿ.

ಈಗ ಮತ್ತೆ ಬೇಳೆಗೆ ಬರೋಣ. ಜನರಲ್‌ಗಳ ಮನಸ್ಸು ನೋಯಿಸಿದರೆ ನಮಗೆ ಬೇಳೆ ಸಿಗಲಿಕ್ಕಿಲ್ಲ ಅನ್ನುವ ಮಾತನ್ನು ಚರ್ಚೆಗಳಲ್ಲಿ ಕೇಳಿದ್ದೇನೆ. ನನ್ನ ತಕರಾರು ಇರುವುದು ಇಲ್ಲೇ. ಲೆಕ್ಕ ತಿರುಗಾಮುರುಗಾ ಆಗಿದೆ. ಒಪ್ಪಂದದ 1 ಲಕ್ಷ ಟನ್ ತೊಗರಿ ನಮ್ಮ ಅಗತ್ಯದಲ್ಲಿ ನೂರಕ್ಕೆ ಎರಡು ಪಾಲು ಚಿಲ್ಲರೆ. 2024-25ರಲ್ಲಿ ಒಟ್ಟು ತೊಗರಿ ಆಮದು 12 ಲಕ್ಷ ಟನ್ ದಾಟಿತು, ಅದರಲ್ಲಿ ದೊಡ್ಡ ಪಾಲು ಆಫ್ರಿಕಾದ್ದು. ಮ್ಯಾನ್ಮಾರ್‌ಗಾದರೋ ನಮ್ಮನ್ನು ಬಿಟ್ಟರೆ ತೊಗರಿಗೆ ಗಿರಾಕಿ ಇಲ್ಲವೆಂದರೂ ಆದೀತು. ಗಂಜಿನಲ್ಲಿ ಒಬ್ಬನೇ ಕೊಳ್ಳುವವನಿದ್ದು, ಕೊಡುವವರು ಸಾಲಾಗಿ ನಿಂತಿದ್ದರೆ ಯಾರ ಮಾತು ನಡೆಯುತ್ತದೆ? ಮಾವನನ್ನು ಕೇಳಿದರೂ ಹೇಳುತ್ತಾರೆ. ದಿಲ್ಲಿ ಮಾತ್ರ ಗಿರಾಕಿಯಾಗಿದ್ದುಕೊಂಡು ಮಾರುವವನ ಮುಂದೆ ದನಿ ತಗ್ಗಿಸಿದೆ.

ಉದ್ದಿನ ಮಾತು ಬೇರೆ. ಅಲ್ಲಿ ನಾವು ನಿಜವಾಗಿ ಸಿಕ್ಕಿಕೊಂಡಿದ್ದೇವೆ. ಹೊರಗಿನಿಂದ ಬರುವ ಉದ್ದಿನಲ್ಲಿ ಬಹುಪಾಲು ಮ್ಯಾನ್ಮಾರ್‌ನದ್ದು. ಬೆಂಗಳೂರಿನ ದೋಸೆ, ಚೆನ್ನೈನ ಇಡ್ಲಿ, ಎಲ್ಲೆಡೆಯ ಹಪ್ಪಳ ಅದರ ಮೇಲೆ ನಿಂತಿವೆ. ಬ್ರೆಜಿಲ್‌ನಿಂದ ಈಚೆಗೆ ಸ್ವಲ್ಪ ಬರುತ್ತಿದೆ, ಸಾಲದು. ಬೀದರ್ ಕಡೆ ಉದ್ದು, ಹೆಸರು ಒಳ್ಳೆಯ ಮುಂಗಾರು ಬೆಳೆಗಳು. ಆದರೆ ಅಲ್ಲಿನ ರೈತರು ವರ್ಷದಿಂದ ವರ್ಷಕ್ಕೆ ಸೋಯಾ ಕಡೆ ವಾಲಿದರು. ಯಾಕೆ ಅಂತ ಕೇಳಬೇಕಾಗಿಲ್ಲ. ಉದ್ದು ಕಟಾವಿನ ಹೊತ್ತಿಗೆ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆ ಒಡೆಯುತ್ತದೆ, ಅಷ್ಟು ಕಷ್ಟಪಟ್ಟು ಮನೆಗೆ ತಂದರೂ ದರದ ಭರವಸೆ ಇಲ್ಲ.

ಹಾಗಾದರೆ ಬರ್ಮಾ ಬೇಳೆ ನಿಲ್ಲಿಸಿಬಿಡಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನಿಲ್ಲಿಸಿದರೆ ಮೊದಲು ಸಾಯುವುದು ಮಗ್ವೆಯ ರೈತ. ಜನರಲ್‌ಗಳಿಗೆ ಅನಿಲ ಇದೆ, ಹರಳು ಇದೆ, ಚೀನಾದ ಪೈಪ್‌ಲೈನ್ ಇದೆ. ನಮ್ಮಲ್ಲಿ ರೈತ ಸಂಘಟನೆಗಳು ಪ್ರತಿ ವರ್ಷ ಆಮದು ಸುಂಕ ಹಾಕಿ ಅಂತ ಬೇಡಿಕೆ ಇಡುತ್ತವೆ. ಬೇಡಿಕೆಯಲ್ಲಿ ತಪ್ಪಿಲ್ಲ, ಆದರೆ ಒಂದು ತೊಡಕಿದೆ. ಮ್ಯಾನ್ಮಾರ್, ಮೊಜಾಂಬಿಕ್ ಎರಡೂ ತೀರಾ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ. ಇಂಥ ದೇಶಗಳಿಗೆ ಸುಂಕ ಇಲ್ಲದೆ ಮಾಲು ಕಳಿಸುವ ಅವಕಾಶವನ್ನು ಭಾರತ 2008ರಲ್ಲೇ ಕೊಟ್ಟಿದೆ. ಹಾಗಾಗಿ ಸುಂಕ ಏರಿಸಿದರೂ ಅವರಿಗೆ ತಟ್ಟುವುದು ಕಡಿಮೆ.

ತಟ್ಟುವಂಥದ್ದು ತಿಂಗಳ ಲೆಕ್ಕ. ಆಫ್ರಿಕಾದ ತೊಗರಿ ಮಳೆಗಾಲ ಮುಗಿಯುವ ಹೊತ್ತಿಗೆ ಬಂದಿಳಿಯುತ್ತದೆ. ಆಗ ನಮ್ಮ ಹೊಲದಲ್ಲಿ ತೊಗರಿ ಇನ್ನೂ ಹೂವಿನಲ್ಲಿರುತ್ತದೆ. ಬರ್ಮಾದ ಬೆಳೆ ಹಾಗಲ್ಲ. ನಮ್ಮ ಕಟಾವು ಡಿಸೆಂಬರ್, ಜನವರಿ. ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ ಉಂಡು ಬಂದು ರಾಶಿ ಮಾಡುತ್ತೇವೆ. ಅದರ ಬೆನ್ನಿಗೇ ಅವರ ಹೊಸ ಮಾಲೂ ಹಡಗು ಹತ್ತುತ್ತದೆ. ಹಡಗು ಬಂದರಿಗೆ ಬರುವುದೂ ಬೇಡ, ಸೌದಾ ಆಯಿತು ಅನ್ನುವ ಸುದ್ದಿ ಸಾಕು, ದಾಲ್ ಮಿಲ್ಲಿನವರು ಕೈ ಹಿಂದೆ ಸರಿಸುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಬಾಗಿಲು ಮುಚ್ಚಿ, ಏಪ್ರಿಲ್‌ನಿಂದ ತೆರೆದರೆ ಮಗ್ವೆಯವನ ಗಿರಾಕಿಯೂ ತಪ್ಪುವುದಿಲ್ಲ, ಇಲ್ಲಿನವನ ರಾಶಿಯೂ ಉಳಿಯುತ್ತದೆ. ಕಾಳು ಮೂರು ತಿಂಗಳು ಗೋದಾಮಿನಲ್ಲಿ ಇದ್ದರೆ ಕೆಡುವುದಿಲ್ಲ.

ದಿಲ್ಲಿ ಕೈಗಳು ಒಂದಕ್ಕೊಂದು ಮಾತಾಡುವುದಿಲ್ಲ ಅನ್ನುವುದಕ್ಕೆ 2025 ಒಳ್ಳೆಯ ಉದಾಹರಣೆ. ಫೆಬ್ರುವರಿಯ ಬಜೆಟ್‌ನಲ್ಲಿ ಬೇಳೆಕಾಳಿನ ಸ್ವಾವಲಂಬನೆಗೆ ಆರು ವರ್ಷದ ಯೋಜನೆ ಸಾರಿದರು. ತೊಗರಿ, ಉದ್ದು ಎರಡೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ತೊಗರಿಯ ಮುಕ್ತ ಆಮದನ್ನು ಮತ್ತೊಂದು ವರ್ಷ ವಿಸ್ತರಿಸಿದರು. ಹಳದಿ ಬಟಾಣಿಯಂತೂ ಸುಂಕವಿಲ್ಲದೆ ಕೆನಡಾದಿಂದ, ರಷ್ಯಾದಿಂದ ಹೊಳೆಯಂತೆ ಹರಿಯಿತು. ಅದಕ್ಕೆ ಸುಂಕ ಬಿದ್ದದ್ದು ನವೆಂಬರ್‌ಗೆ. ಬೆಂಬಲ ಬೆಲೆ 7,550 ಇದ್ದಾಗ ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಿತು. ಆದರೆ ಖರೀದಿ ಕೇಂದ್ರದಲ್ಲಿ ನೋಂದಣಿ, ಪಾಳಿ, ತೇವಾಂಶದ ಪರೀಕ್ಷೆ, ಆಮೇಲೆ ದುಡ್ಡಿಗೆ ಕಾಯುವುದು. ಸಾಲಗಾರ ಮನೆ ಬಾಗಿಲಲ್ಲಿ ನಿಂತಿರುವಾಗ ಅಷ್ಟು ತಾಳ್ಮೆ ಯಾರಿಗಿದೆ?

ಅವತ್ತು ಮಾವ ಆರು ಚೀಲ ಅಲ್ಲೇ ಮಾರಿದರು. ಒಂಬತ್ತು ಚೀಲ ಮತ್ತೆ ಟಂಟಂಗೆ ಏರಿಸಿದರು. ದಾರಿಯಲ್ಲಿ ಕೇಳಿದರು, "ಅಲ್ಲಿ ಒಕ್ಕಲಿಗಗ ಎಷ್ಟ್ ಮುಟ್ತದಂತೋ?" ನಾನು ಡಾಲರ್, ಕ್ಯಾತ್ ಅಂತ ಹೇಳಲು ಹೋದೆ. ಅವರು ಸ್ವಲ್ಪ ಹೊತ್ತು ಕೇಳಿ, ಕೈ ಆಡಿಸಿ, ಡ್ರೈವರ್‌ಗೆ ಚಹಾದ ಅಂಗಡಿ ಹತ್ತಿರ ನಿಲ್ಲಿಸಲು ಹೇಳಿದರು. ಆ ಒಂಬತ್ತು ಚೀಲ ಏಪ್ರಿಲ್‌ನಲ್ಲಿ ಮಾರಿದಾಗಲೂ ಹೆಚ್ಚೇನೂ ಸಿಗಲಿಲ್ಲ.

ಮುಂದಿನ ಮುಂಗಾರಿಗೆ ಅವರು ತೊಗರಿ ಹಾಕಿದ್ದು ಅರ್ಧ ಹೊಲಕ್ಕೆ. ಉಳಿದರ್ಧಕ್ಕೆ ಹತ್ತಿ.